ಚೆಂಡು ಹಿಡಿದವನ ದೇಶ

2024ರ ಜೂನ್ 6ರಂದು ಡಲ್ಲಾಸ್‌ನಲ್ಲಿ ಅಮೆರಿಕ ಮತ್ತು ಪಾಕಿಸ್ತಾನದ ನಡುವೆ ನಡೆದ ಟಿ20 ವಿಶ್ವಕಪ್ ಪಂದ್ಯದ ಸ್ಕೋರ್‌ಕಾರ್ಡಿನಲ್ಲಿ ಹೀಗೊಂದು ಸಾಲಿದೆ: ಕೆಂಜಿಗೆ, 4 ಓವರ್, 30 ರನ್, 3 ವಿಕೆಟ್. ಉಸ್ಮಾನ್ ಖಾನ್, ಶಾದಾಬ್ ಖಾನ್, ಆಜಂ ಖಾನ್. ಕೊನೆಯ ಇಬ್ಬರು ಬೆನ್ನು ಬೆನ್ನಿಗೆ ಎರಡು ಎಸೆತಗಳಲ್ಲಿ ಔಟಾದರು. ಎರಡೂ ತಂಡಗಳು 159 ರನ್ ಮಾಡಿ ಪಂದ್ಯ ಟೈ ಆಯಿತು. ಸೂಪರ್ ಓವರಿನಲ್ಲಿ ಅಮೆರಿಕ 18 ರನ್ ಹೊಡೆಯಿತು, ಪಾಕಿಸ್ತಾನ 13ಕ್ಕೆ ನಿಂತಿತು. ಆ ಸೂಪರ್ ಓವರ್ ಎಸೆದ ಎಡಗೈ ವೇಗಿ ಸೌರಭ್ ನೇತ್ರವಾಲ್ಕರ್ ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಮೂರು ವಿಕೆಟ್ ಕಿತ್ತ ಎಡಗೈ ಸ್ಪಿನ್ನರ್ ನೊಸ್ತುಷ್ ಕೆಂಜಿಗೆ ಬೆಳೆದದ್ದು ಚಿಕ್ಕಮಗಳೂರಿನ ಕಾಫಿ ತೋಟದ ನಡುವೆ.

ನಮ್ಮ ಕಡೆ ಆಗ ಮಧ್ಯರಾತ್ರಿ ಕಳೆದಿತ್ತು. ಮರುದಿನ ಬೆಳಿಗ್ಗೆ ವಸ್ತಾರೆಯಲ್ಲಿ ಆಲ್ದೂರು ಕಡೆಯ ಬಸ್ಸಿಗೆ ಕಾಯುತ್ತಿದ್ದವರ ಮೊಬೈಲಿನಲ್ಲೆಲ್ಲ ಅದೇ ವಿಡಿಯೊ. ‘ನಮ್ಮ ಹುಡುಗ’ ಎಂದು ಎಲ್ಲರ ಬಾಯಲ್ಲೂ. ಹೋಟೆಲಿನ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು, ದೊಡ್ಡ ತೋಟವೊಂದರಲ್ಲಿ ಬಹಳ ವರ್ಷ ರೈಟರ್ ಆಗಿದ್ದವರು, ಕಾಫಿ ಲೋಟ ಕೆಳಗಿಟ್ಟು ಕೇಳಿದರು:

“ಅವ ಯಾರ ಕಡೆ ಆಡಿದ್ದು ಮಾರಾಯ?”

“ಅಮೆರಿಕದ ಕಡೆ, ಗೌಡ್ರೆ.”

“ಹಂಗಾರೆ ಬರೋ ವಾರ ನಮ್ಮೋರ್ ಮೇಲೂ ಅವನೇ ಬಾಲ್ ಹಾಕ್ತಾನಾ?”

“ಹಾಕ್ಬೋದು.”

“ಆವತ್ತು ನೀವು ಯಾರಿಗೆ ಚಪ್ಪಾಳೆ ಹೊಡೀತೀರ?”

ಯಾರೂ ಉತ್ತರ ಕೊಡಲಿಲ್ಲ. ಕೊಡುವ ಪ್ರಮೇಯವೂ ಬರಲಿಲ್ಲ. ಜೂನ್ 12ರಂದು ನ್ಯೂಯಾರ್ಕಿನಲ್ಲಿ ಭಾರತದ ವಿರುದ್ಧ ಇಳಿದ ಅಮೆರಿಕದ ಹನ್ನೊಂದರಲ್ಲಿ ಕೆಂಜಿಗೆ ಹೆಸರಿರಲಿಲ್ಲ. ನೇತ್ರವಾಲ್ಕರ್ ಆಡಿದರು, ವಿರಾಟ್ ಕೊಹ್ಲಿಯನ್ನು ಮೊದಲ ಎಸೆತಕ್ಕೇ ಕಳಿಸಿದರು, ರೋಹಿತ್ ಶರ್ಮಾ ವಿಕೆಟ್ಟನ್ನೂ ಪಡೆದರು. ಪಂದ್ಯ ಭಾರತವೇ ಗೆದ್ದಿತು. ಆದರೆ ಆ ಎರಡು ವಿಕೆಟ್ ಬಿದ್ದ ಹೊತ್ತಿನಲ್ಲಿ ಮುಂಬೈಯಲ್ಲಿ ಅವರ ಜೊತೆ ಆಡಿ ಬೆಳೆದವರ ಮನಸ್ಸಿನಲ್ಲಿ ಏನಾಗಿರಬಹುದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಚಿಕ್ಕಮಗಳೂರಿಗೆ ಆ ಕಷ್ಟ ಬರಲಿಲ್ಲ. ಎದುರಿಗಿದ್ದದ್ದು ಪಾಕಿಸ್ತಾನವಾದ್ದರಿಂದ ನಮ್ಮ ಹುಡುಗನ ಮೇಲಿನ ಪ್ರೀತಿ, ನಮ್ಮ ದೇಶದ ಮೇಲಿನ ಪ್ರೀತಿ ಎರಡೂ ಒಂದೇ ದಿಕ್ಕಿಗೆ ಹರಿದವು. ನಮ್ಮ ಅಭಿಮಾನಕ್ಕೆ ಬೆಲೆ ತೆರಬೇಕಾಗಿ ಬರಲಿಲ್ಲ.

ಬೆಲೆ ತೆರಬೇಕಾಗಿ ಬಂದದ್ದು ಬೆಂಗಳೂರಿಗೆ, ಅದೇ ವರ್ಷದ ಅಕ್ಟೋಬರಿನಲ್ಲಿ. ರಚಿನ್ ರವೀಂದ್ರ ವೆಲಿಂಗ್ಟನ್ನಿನಲ್ಲಿ ಹುಟ್ಟಿದವರು, ತಂದೆ ತಾಯಿ ಬೆಂಗಳೂರಿನವರು. 2023ರ ವಿಶ್ವಕಪ್ಪಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಪಾಕಿಸ್ತಾನದ ವಿರುದ್ಧ 108 ಹೊಡೆದಾಗ ಗ್ಯಾಲರಿ ಅವರ ಹೆಸರು ಕೂಗಿತು. ಅದು ಸುಲಭವಾಗಿತ್ತು. ಮರುವರ್ಷ ಅದೇ ನೆಲದಲ್ಲಿ ಭಾರತ 46ಕ್ಕೆ ಆಲೌಟಾದ ಟೆಸ್ಟಿನಲ್ಲಿ ಅವರು 134 ಹೊಡೆದರು, 1988ರ ನಂತರ ಮೊದಲ ಬಾರಿಗೆ ನ್ಯೂಜಿಲೆಂಡ್ ಭಾರತದಲ್ಲಿ ಟೆಸ್ಟ್ ಗೆದ್ದಿತು. ಆ ಶತಕಕ್ಕೂ ಬೆಂಗಳೂರು ಚಪ್ಪಾಳೆ ತಟ್ಟಿತು. ಗೌಡರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿ ಸಿಕ್ಕಿತೆಂದು ನನಗೆ ಅನ್ನಿಸುತ್ತದೆ. ಸೋಲಿನ ನೋವು, ಮನೆಮಗನ ಮೇಲಿನ ಅಕ್ಕರೆ ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಳ್ಳಲು ಮನುಷ್ಯರಿಗೆ ಬರುತ್ತದೆ. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಕಾನೂನಿಗೆ ಮಾತ್ರ ಇದು ಬರುವುದಿಲ್ಲ. ನಮ್ಮ ಸಂವಿಧಾನದ 9ನೇ ವಿಧಿಯೂ 1955ರ ಪೌರತ್ವ ಕಾಯ್ದೆಯೂ ಎರಡು ದೇಶದ ಪೌರತ್ವವನ್ನು ಒಪ್ಪುವುದಿಲ್ಲ. ಹೊರದೇಶದ ಪೌರತ್ವವನ್ನು ತಾನಾಗಿ ಪಡೆದವನು ಭಾರತದ ಪೌರನಾಗಿ ಉಳಿಯುವುದಿಲ್ಲ. 2005ರಲ್ಲಿ ಬಂದ ಒಸಿಐ ಕಾರ್ಡು ಸಾಗರೋತ್ತರ ಭಾರತೀಯ ಎಂಬ ಹೆಸರು ಕೊಡುತ್ತದೆ; ಬಂದು ಹೋಗಬಹುದು, ಇರಬಹುದು, ದುಡಿಯಬಹುದು. ಮತ ಹಾಕುವ ಹಾಗಿಲ್ಲ. ಇನ್ನೊಂದು ನಿರ್ಬಂಧ ಕಾಫಿ ಸೀಮೆಯ ಮನೆಗಳಲ್ಲಿ ಚೆನ್ನಾಗಿ ಗೊತ್ತು: ಆ ಕಾರ್ಡು ಇರುವವರು ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಅಪ್ಪನಿಂದ ಬಂದ ತೋಟವನ್ನು ಇಟ್ಟುಕೊಳ್ಳಬಹುದು. ಪಕ್ಕದ ಒಂದೆಕರೆಗೆ ಕೈ ಹಾಕುವ ಹಾಗಿಲ್ಲ. ಇಲ್ಲಿ ಎಷ್ಟೋ ಮನೆಗಳ ಮಕ್ಕಳು ಈ ಗೆರೆಯ ಆಚೆ ಇದ್ದಾರೆ. ಹಬ್ಬಕ್ಕೆ ಬಂದು ಹೋಗುವ ಅವರನ್ನು ಊರು ತನ್ನವರೆಂದೇ ಕರೆಯುತ್ತದೆ, ಪಹಣಿಯ ಲೆಕ್ಕವೇ ಬೇರೆ.

ಆಟದಲ್ಲೂ ಇದೇ ಗೆರೆ. ಭಾರತದ ಪರ ಆಡಬೇಕಾದರೆ ಭಾರತದ ಪಾಸ್‌ಪೋರ್ಟ್ ಬೇಕು ಎಂದು ಕೇಂದ್ರ ಕ್ರೀಡಾ ಇಲಾಖೆ 2008ರಲ್ಲಿ ನಿರ್ಧರಿಸಿತು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ನಿಯಮ ಇಷ್ಟು ಬಿಗಿಯಲ್ಲ. ಹುಟ್ಟು, ಪೌರತ್ವ, ಅಥವಾ ನಿಗದಿಪಡಿಸಿದಷ್ಟು ವರ್ಷಗಳ ವಾಸ, ಇವುಗಳಲ್ಲಿ ಒಂದಿದ್ದರೂ ಆ ದೇಶದ ಅಂಗಿ ತೊಡಬಹುದು. ವೇಗದ ಬೌಲರುಗಳ ಚರಿತ್ರೆಯಲ್ಲಿ ಇದರ ದೊಡ್ಡ ಉದಾಹರಣೆಗಳಿವೆ. ಡರ್ಕ್ ನ್ಯಾನೆಸ್ ಡಚ್ ತಂದೆತಾಯಿಗೆ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಎಡಗೈ ವೇಗಿ. 2009ರ ಜೂನಿನಲ್ಲಿ ನೆದರ್ಲೆಂಡ್ಸ್ ಪರ ಆಡಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡನ್ನು ಸೋಲಿಸಿದರು, ಆಗಸ್ಟ್ ಮುಗಿಯುವುದರೊಳಗೆ ಆಸ್ಟ್ರೇಲಿಯಾದ ಪರ ಚೆಂಡು ಹಿಡಿದರು, ಮರುವರ್ಷ ಟಿ20 ವಿಶ್ವಕಪ್ಪಿನಲ್ಲಿ 14 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರು. 2011ರಲ್ಲಿ ಅವರು ನಮ್ಮ ಆರ್‌ಸಿಬಿ ತಂಡದಲ್ಲೂ ಇದ್ದರು. ಬಾಯ್ಡ್ ರಾಂಕಿನ್ ಐರ್ಲೆಂಡಿನಿಂದ ಇಂಗ್ಲೆಂಡಿಗೆ ಹೋಗಿ 2014ರ ಜನವರಿಯಲ್ಲಿ ಸಿಡ್ನಿಯಲ್ಲಿ ಒಂದು ಟೆಸ್ಟ್ ಆಡಿದರು, ಮತ್ತೆ ಊರಿಗೆ ಮರಳಿ 2018ರಲ್ಲಿ ಐರ್ಲೆಂಡಿನ ಮೊಟ್ಟಮೊದಲ ಟೆಸ್ಟಿನಲ್ಲೂ ಬೌಲ್ ಮಾಡಿದರು. ಇಂಥವರನ್ನು ನಿಷ್ಠೆ ಇಲ್ಲದವರು ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ವೇಗದ ಬೌಲರನ ಬೆನ್ನುಮೂಳೆ, ಮೊಣಕಾಲು, ಹಿಮ್ಮಡಿ ಹೆಚ್ಚೆಂದರೆ ಹತ್ತು ಹದಿನೈದು ವರ್ಷ ತಡೆದಾವು. ಓಡಿ ಬಂದು ಮುಂಗಾಲು ಊರುವಾಗ ಮೈಯ ತೂಕದ ಎಷ್ಟೋ ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಅಷ್ಟು ಬೇಗ ಸವೆದುಹೋಗುವ ಮೈಯನ್ನು ನಂಬಿದವನು ಯಾರು ಕರೆದು ಚೆಂಡು ಕೊಡುತ್ತಾರೋ ಅವರ ಬಳಿ ಹೋಗುತ್ತಾನೆ. ಜಾವಗಲ್ ಶ್ರೀನಾಥ್ 1995ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಗೆ ಇಡೀ ಬೇಸಿಗೆ ಬೌಲ್ ಮಾಡಿ 87 ವಿಕೆಟ್ ಕೊಟ್ಟರು. ನಾವು ಯಾರೂ ಅದನ್ನು ನಿಷ್ಠೆಯ ಪ್ರಶ್ನೆ ಎಂದುಕೊಳ್ಳಲಿಲ್ಲ, ನಮ್ಮ ಸೀಮೆಯ ಹೆಸರು ಹೊತ್ತವನಿಗೆ ಸಿಕ್ಕ ಗೌರವವೆಂದು ಹಿಗ್ಗಿದೆವು.

ಕೆಂಜಿಗೆ, ನೇತ್ರವಾಲ್ಕರ್ ಇಬ್ಬರ ದಾರಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಪೌರತ್ವಕ್ಕಿಂತ ಬೇರೆ ಏನೋ ಕಾಣುತ್ತದೆ.

ನೇತ್ರವಾಲ್ಕರ್ 2010ರ 19 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ಪರ ಆಡಿದವರು. ಕರ್ನಾಟಕದ ಕೆ.ಎಲ್. ರಾಹುಲ್, ಮಯಂಕ್ ಅಗರವಾಲ್ ಅದೇ ತಂಡದಲ್ಲಿದ್ದರು. ಆಮೇಲೆ ಮುಂಬೈ ಪರ ಅವರಿಗೆ ಸಿಕ್ಕಿದ್ದು ಒಂದು ರಣಜಿ ಪಂದ್ಯ, ಅದೂ 2013ರಲ್ಲಿ ಕರ್ನಾಟಕದ ವಿರುದ್ಧ. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. ನಂತರ ಒರಾಕಲ್ ಕಂಪನಿಯಲ್ಲಿ ಕೆಲಸ, ಜೊತೆಗೆ ಕ್ರಿಕೆಟ್. ಕೆಂಜಿಗೆ 1991ರ ಮಾರ್ಚ್ 2ರಂದು ಅಲಬಾಮಾದ ಆಬರ್ನ್‌ನಲ್ಲಿ ಹುಟ್ಟಿದರು, ಹಾಗಾಗಿ ಹುಟ್ಟಿನಿಂದ ಅಮೆರಿಕದ ಪೌರ. ಕೂಸಾಗಿದ್ದಾಗಲೇ ಮನೆಯವರು ಇಲ್ಲಿಗೆ ಮರಳಿದರು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತ ಲೀಗ್ ಕ್ರಿಕೆಟ್ ಆಡಿದರು. ಆ ವರ್ಷಗಳು ಎಂಥವೆಂದು ನೆನಪಿಸಿಕೊಳ್ಳಿ. ದಾವಣಗೆರೆಯ ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದುಕೊಂಡಿತ್ತು. ಅಷ್ಟು ಒಳ್ಳೆಯ ತಂಡ ಇದ್ದಾಗ ಬಾಗಿಲ ಹೊರಗಿನ ಸಾಲು ಎಷ್ಟು ಉದ್ದ ಇರುತ್ತದೆ! 2015ರಲ್ಲಿ ಕೆಂಜಿಗೆ ತಾವು ಹುಟ್ಟಿದ ದೇಶಕ್ಕೆ ಹೊರಟರು. ಅಲ್ಲಿ ಕ್ಲಬ್ ಕ್ರಿಕೆಟ್ ಆಡಿ 2017ರಲ್ಲಿ ಉಗಾಂಡದಲ್ಲಿ ನಡೆದ ವಿಶ್ವ ಕ್ರಿಕೆಟ್ ಲೀಗಿನ ಮೂರನೇ ಡಿವಿಜನ್ನಿಗೆ ಅಮೆರಿಕದ ತಂಡ ಸೇರಿದರು. ಎರಡು ವರ್ಷದ ಮೇಲೆ ನಮೀಬಿಯಾದಲ್ಲಿ ಅಮೆರಿಕ ಏಕದಿನ ಪಂದ್ಯದ ಮಾನ್ಯತೆ ಪಡೆಯಿತು. 2023ರಲ್ಲಿ ಅಮೆರಿಕದ ಮೇಜರ್ ಲೀಗ್ ಶುರುವಾದಾಗ ಎಂಐ ನ್ಯೂಯಾರ್ಕ್ ತಂಡದಲ್ಲಿದ್ದರು, ಆ ವರ್ಷದ ಕಪ್ಪು ಅವರದಾಯಿತು.

ಇಬ್ಬರೂ ಒಂದೇ ವರ್ಷ, ಇಪ್ಪತ್ತಮೂರು ಇಪ್ಪತ್ನಾಲ್ಕರ ವಯಸ್ಸಿನಲ್ಲಿ, ಇಲ್ಲಿ ಮುಗಿಯಿತು ಅನ್ನುವಾಗ ಹೊರಟವರು. ಒಬ್ಬರಿಗೆ ಓದು ದಾರಿ ಮಾಡಿತು. ಇನ್ನೊಬ್ಬರಿಗೆ ಹುಟ್ಟಿದ ಆಸ್ಪತ್ರೆಯ ಒಂದು ಕಾಗದ. ಎರಡು ದೇಶ ಎಂದು ನಾವು ಕರೆಯುವುದು ಬಹುತೇಕ ಇದನ್ನೇ: ಮೊದಲನೆಯ ಬಾಗಿಲು ಮುಚ್ಚಿದಾಗ ತಟ್ಟಲು ಇನ್ನೊಂದು ಬಾಗಿಲು. ಪ್ರತಿಭೆ ಇಬ್ಬರದೂ ಸ್ವಂತದ್ದು, ದುಡಿಮೆಯೂ ಸ್ವಂತದ್ದು. ಆದರೆ ಆ ದುಡಿಮೆಯನ್ನು ತೋರಿಸಲು ಇನ್ನೊಂದು ಜಾಗ ಇತ್ತು ಎಂಬುದು ಅದೃಷ್ಟ, ಮತ್ತು ಆ ಅದೃಷ್ಟ ಎಲ್ಲರ ಮನೆಗೂ ಬರುವಂಥದಲ್ಲ. ಚಿಕ್ಕಮಗಳೂರು ಜಿಲ್ಲೆಯ ಮಟ್ಟಿಗೆ ಬೆಂಗಳೂರೇ ಪರದೇಶ. ಕಡೂರಿನ ವೇದಾ ಕೃಷ್ಣಮೂರ್ತಿ ಲಾರ್ಡ್ಸ್‌ನಲ್ಲಿ 2017ರ ವಿಶ್ವಕಪ್ ಫೈನಲ್ ಆಡಲು ಮೊದಲು ಮಾಡಿದ ಕೆಲಸ, ಎಳೆಯ ವಯಸ್ಸಿನಲ್ಲೇ ಊರು ಬಿಟ್ಟು ಬೆಂಗಳೂರಿಗೆ ಹೋದದ್ದು.

ಇದೆಲ್ಲ ನನ್ನ ತಲೆಯಲ್ಲಿ ಬೇರೂರಲು ಕಾರಣ ಒಬ್ಬ ಹುಡುಗ.

ಈ ಕಡೆ ಕ್ರಿಕೆಟ್ಟಿಗೆ ವರ್ಷದಲ್ಲಿ ಅರ್ಧ ಮಾತ್ರ ಸಿಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದರ ಹಿಂದೆ ಮುಂದೆ ಕೆಸರು. ನವೆಂಬರಿನ ಹೊತ್ತಿಗೆ ಕಾಫಿ ಕುಯ್ಲು ಶುರುವಾದರೆ ಕಣದ ತುಂಬ ಹಣ್ಣು ಹರಡಿರುತ್ತದೆ, ಅಲ್ಲಿ ಕಾಲಿಟ್ಟರೆ ಬೈಗುಳ. ಹಾಗಾಗಿ ಆಟವೆಲ್ಲ ಬತ್ತ ಕುಯ್ದ ಗದ್ದೆಯಲ್ಲಿ. ಕೂಳೆಯನ್ನು ಕಾಲಿನಿಂದ ತುಳಿದು, ಸಗಣಿ ನೀರು ಬಳಿದು, ನಡುವೆ ಒಂದು ಪಟ್ಟಿ ಪಿಚ್ ಮಾಡಿಕೊಳ್ಳುತ್ತಾರೆ. ಮೂರು ಕಾಫಿ ಗಿಡದ ಕಡ್ಡಿ ವಿಕೆಟ್ಟು. ಚೆಂಡು ತೋಟದೊಳಗೆ ಹೋದರೆ ಅರ್ಧ ಗಂಟೆ ಹುಡುಕಾಟ, ಸಿಗದಿದ್ದರೆ ಅಂದಿನ ಆಟ ಅಲ್ಲಿಗೆ.

ಆ ಗದ್ದೆಯಲ್ಲಿ ಅವನು ಬೌಲ್ ಮಾಡುವುದನ್ನು ಬದುವಿನ ಮೇಲೆ ನಿಂತು ನೋಡಿದ್ದೇನೆ. ಹದಿನಾಲ್ಕೋ ಹದಿನೈದೋ ವಯಸ್ಸು, ಬರಿಗಾಲು. ಗದ್ದೆಯ ಆಚೆಯ ಬದುವಿನಿಂದ ಓಟ ಶುರು, ಏಕೆಂದರೆ ಅದಕ್ಕಿಂತ ಹಿಂದೆ ಜಾಗವಿಲ್ಲ. ಕೊನೆಯ ಮೂರು ಹೆಜ್ಜೆಗಳಲ್ಲಿ ಮೈ ಸ್ವಲ್ಪ ಪಕ್ಕಕ್ಕೆ ತಿರುಗುತ್ತದೆ, ಎಡಗೈ ಮೇಲೆದ್ದು ಹಕ್ಕಿ ಹಿಡಿಯುವ ಹಾಗೆ ನಿಲ್ಲುತ್ತದೆ, ಬಲಗೈ ಕಿವಿಯ ಪಕ್ಕದಿಂದ ನೇರ ಇಳಿಯುತ್ತದೆ. ತೋಳು ಎಲ್ಲೂ ಮಡಚುವುದಿಲ್ಲ. ಟೆನಿಸ್ ಬಾಲಿನಲ್ಲಿ ಬೆಳೆದ ಹುಡುಗರಲ್ಲಿ ಇದು ಅಪರೂಪ; ಲೆದರ್ ಬಾಲಿನ ಅರ್ಧ ತೂಕವೂ ಇಲ್ಲದ ಆ ಚೆಂಡಿಗೆ ವೇಗ ತರಲು ಬಹಳ ಮಂದಿ ಮೊಣಕೈ ಎಳೆದು ಎಸೆಯುತ್ತಾರೆ. ಎದುರಿನವನು ಬ್ಯಾಟು ಎತ್ತುವ ಮೊದಲೇ ಇವನ ಚೆಂಡು ಕಡ್ಡಿಗೆ ತಗಲುತ್ತದೆ. ಹೇಳಿಕೊಟ್ಟವರು ಯಾರೂ ಇಲ್ಲ. ಮೇಸ್ತ್ರಿಯ ಮೊಬೈಲಿನಲ್ಲಿ ಬೂಮ್ರಾನನ್ನು ನೋಡಿದ್ದಾನೆ, ಆದರೆ ಬೂಮ್ರಾನ ಹಾಗೆ ಬೌಲ್ ಮಾಡುವುದಿಲ್ಲ. ಅದು ಅವನ ಮೈಗೇ ಬಂದದ್ದು.

ಅವನ ಮನೆ ತೋಟದ ಕೂಲಿಯವರ ಲೈನಿನಲ್ಲಿ. ಅಪ್ಪ ಅಮ್ಮ ಅಸ್ಸಾಮಿನಿಂದ ಕೆಲಸಕ್ಕೆ ಬಂದವರು. ಹಿಂದೆ ಈ ತೋಟಗಳಿಗೆ ಘಟ್ಟದ ಕೆಳಗಿನಿಂದ ತುಳು ಮಾತಾಡುವವರು ಬಂದರು, ತಮಿಳುನಾಡಿನಿಂದ ಬಂದರು, ಈಗ ಅಸ್ಸಾಂ, ಜಾರ್ಖಂಡ್. ಕಾಫಿ ಗಿಡವೇ ಯೆಮನ್ನಿನಿಂದ ಬಾಬಾಬುಡನ್ ತಂದದ್ದು ಎಂದು ಹೇಳಿಕೊಳ್ಳುವ ಗಿರಿ ಇದು; ಇಲ್ಲಿ ಯಾರನ್ನೂ ಹೊರಗಿನವರು ಎನ್ನಲು ನಮಗೆ ಬಾಯಿ ಬರಬಾರದು. ಹುಡುಗ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಾನೆ. ಅಮ್ಮನ ಹತ್ತಿರ ಒಂದು ಭಾಷೆ, ಗೆಳೆಯರ ಹತ್ತಿರ ನಮ್ಮ ಕನ್ನಡ. ಔಟಾದಾಗ ಕೂಗುವುದು ಕನ್ನಡದಲ್ಲೇ.

ಜಿಲ್ಲಾ ಮಟ್ಟದ ಆಯ್ಕೆಗೆ ಕಳಿಸಿ ಎಂದು ನಾನು ಹೇಳಿದೆ. ಅಲ್ಲಿಂದ ಕಾಗದಗಳು ಶುರುವಾದವು. ವಯಸ್ಸಿಗೆ ಜನನ ಪ್ರಮಾಣಪತ್ರ, ವಿಳಾಸಕ್ಕೆ ಆಧಾರ್, ಶಾಲೆಯ ವ್ಯಾಸಂಗ ಪತ್ರ. ವಯಸ್ಸು ಮುಚ್ಚಿಟ್ಟು ಆಡಿಸುವ ದಂಧೆ ತಡೆಯಲು ಈ ಕಟ್ಟುನಿಟ್ಟು ಬೇಕು, ಅದರ ಮೇಲೆ ನನಗೆ ತಕರಾರಿಲ್ಲ. ಕ್ರಿಕೆಟ್ ಮಂಡಳಿ ಕಿರಿಯರ ಮೂಳೆಯ ಎಕ್ಸ್‌ರೇ ತೆಗೆದೂ ವಯಸ್ಸು ನೋಡುತ್ತದೆ. ಆದರೆ ಈ ಹುಡುಗ ಹುಟ್ಟಿದ್ದು ಅಸ್ಸಾಮಿನಲ್ಲಿ, ಮನೆಯಲ್ಲಿ. ಆಧಾರ್ ಅಲ್ಲಿನ ವಿಳಾಸದ್ದು. ಇಲ್ಲಿನ ಲೈನ್ ಮನೆಗೆ ಅವರ ಹೆಸರಿನಲ್ಲಿ ಕರೆಂಟ್ ಬಿಲ್ಲಿಲ್ಲ, ಬಾಡಿಗೆ ಪತ್ರವಿಲ್ಲ. ತೋಟ ಬದಲಾದರೆ ಮನೆ ಬದಲು.

ಅವನ ಅಪ್ಪನ ಬಳಿ ಈ ವಿಷಯ ಎತ್ತಿದಾಗ ಆತ ಹೆದರಿದ. ಕಾಗದ ಎಂಬ ಮಾತೇ ಅವರನ್ನು ಹೆದರಿಸುತ್ತದೆ. 2019ರ ಆಗಸ್ಟ್ 31ರಂದು ಅಸ್ಸಾಮಿನ ಪೌರರ ಪಟ್ಟಿ ಹೊರಬಂದಾಗ ಸುಮಾರು 19 ಲಕ್ಷ ಜನರ ಹೆಸರು ಅದರಲ್ಲಿರಲಿಲ್ಲ. ತಮ್ಮ ಹೆಸರಿದ್ದವರೂ ಅಂದಿನಿಂದ ನಿಶ್ಚಿಂತೆಯಾಗಿಲ್ಲ. ಇಲ್ಲಿ ಬಂದರೂ ಆಗಾಗ ದಾಖಲೆ ಕೇಳುತ್ತಾರೆ, ಅಸ್ಸಾಮಿನವರೋ ಗಡಿಯಾಚೆಯವರೋ ಎಂದು ಅನುಮಾನಿಸುತ್ತಾರೆ. “ಇವ ಆಡ್ಲಿ ಸಾರ್, ಕಾಗ್ಜ ಯಾಕೆ?” ಎಂದು ಆತ ಕೈಮುಗಿದ. ಮಗನ ಬೌಲಿಂಗಿನ ಬಗ್ಗೆ ಅಪ್ಪನಿಗೆ ಹೆಮ್ಮೆ ಇದೆ, ಅದು ಮುಖದಲ್ಲಿ ಕಾಣುತ್ತದೆ. ಆದರೆ ಯಾವ ಕಚೇರಿಯ ಕಣ್ಣಿಗೂ ಬೀಳದೆ ಇರುವುದೇ ಕ್ಷೇಮ ಎಂದು ಬದುಕು ಅವರಿಗೆ ಕಲಿಸಿದೆ.

ಒಂದೇ ಗಿರಿಯ ಇಬ್ಬರು ಬೌಲರುಗಳು ಇವರು. ಒಬ್ಬರಿಗೆ ಎರಡು ದೇಶಗಳು ನಮ್ಮವನು ಎಂದವು. ಇನ್ನೊಬ್ಬನಿಗೆ ಒಂದೇ ದೇಶ ಇದೆ, ಅದನ್ನು ತೋರಿಸಿಕೊಳ್ಳುವ ಕಾಗದ ಹುಡುಕಬೇಕು. ಕೆಂಜಿಗೆಯವರ ಗೆಲುವಿನಲ್ಲಿ ಇದರಿಂದ ಒಂದು ಕಾಳಷ್ಟೂ ಕಡಿಮೆಯಾಗುವುದಿಲ್ಲ. ಪ್ರಪಂಚದ ಇನ್ನೊಂದು ಮೂಲೆಯಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿ ವಿಶ್ವಕಪ್ಪಿಗೆ ಬಂದು ನಿಂತದ್ದು ದೊಡ್ಡ ಸಾಧನೆ, ಜಿಲ್ಲೆ ಹೆಮ್ಮೆ ಪಡಲೇಬೇಕು. ನಾನು ಹೇಳುತ್ತಿರುವುದು ಹೆಮ್ಮೆ ಪಡುವ ನಮ್ಮ ಬಗ್ಗೆ. ಡಲ್ಲಾಸ್‌ನಲ್ಲಿ ವಿಕೆಟ್ ಬಿದ್ದ ಮರುಕ್ಷಣ ಏಳು ಸಮುದ್ರದಾಚೆಯ ಅಂಗಿ ತೊಟ್ಟವನನ್ನು ನಮ್ಮವನೆಂದು ಹೇಳಲು ನಮಗೆ ಒಂದು ಚೂರೂ ಅಳುಕಿರಲಿಲ್ಲ. ಅವನ ಪಾಸ್‌ಪೋರ್ಟ್ ಯಾವ ಬಣ್ಣದ್ದೆಂದು ಯಾರೂ ಕೇಳಲಿಲ್ಲ. ಇಷ್ಟು ಧಾರಾಳವಾಗಿ ಒಬ್ಬನನ್ನು ತನ್ನವನೆನ್ನುವ ಊರಿಗೆ, ತನ್ನ ಗದ್ದೆಯಲ್ಲೇ ಓಡುತ್ತಿರುವ, ತನ್ನ ಭಾಷೆಯಲ್ಲೇ ಕೂಗುವ ಹುಡುಗನನ್ನು ತನ್ನವನೆನ್ನಲು ಏನು ಅಡ್ಡ ಬರುತ್ತದೆ? ಅವನು ಇನ್ನೂ ಏನನ್ನೂ ಗೆದ್ದಿಲ್ಲ ಎಂಬುದೇ? ಹಾಗಾದರೆ ನಾವು ಪ್ರೀತಿಸುತ್ತಿರುವುದು ಗೆಲುವನ್ನು, ನೆಲದ ನಂಟನ್ನಲ್ಲ.

ಸ್ಪಿನ್ನರನಿಗಾದರೆ ಕಾಯುವ ಸಮಯ ಸ್ವಲ್ಪ ಇರುತ್ತದೆ, ಮೂವತ್ತರ ಮೇಲೂ ಕೈ ಹದಕ್ಕೆ ಬರುತ್ತದೆ; ಡಲ್ಲಾಸ್ ಪಂದ್ಯದ ದಿನ ಕೆಂಜಿಗೆಯವರಿಗೆ ಮೂವತ್ತಮೂರು. ವೇಗದವನಿಗೆ ಆ ಸೌಕರ್ಯವಿಲ್ಲ. ಹದಿನೈದರಿಂದ ಹತ್ತೊಂಬತ್ತರವರೆಗೆ ಮೂಳೆ ಬಲಿಯುವ ಕಾಲದಲ್ಲಿ ಹೊಟ್ಟೆಗೆ ಸರಿಯಾದ ಊಟ, ಕಾಲಿಗೆ ಸ್ಪೈಕ್ಸ್ ಶೂ, ಎಷ್ಟು ಓವರ್ ಹಾಕಬೇಕು ಎಲ್ಲಿ ನಿಲ್ಲಿಸಬೇಕು ಎಂದು ಹೇಳುವ ಒಬ್ಬರು ಬೇಕು. ಇಲ್ಲದಿದ್ದರೆ ಸೊಂಟದ ಮೂಳೆ ಬಿರುಕು ಬಿಟ್ಟು ಅಲ್ಲಿಗೆ ಮುಗಿಯುತ್ತದೆ. ಮುಂದಿನ ಕುಯ್ಲಿಗೆ ಅವನೂ ಚೀಲ ಕಟ್ಟಿಕೊಂಡು ಅಪ್ಪನ ಜೊತೆ ಹಣ್ಣು ಕುಯ್ಯಲು ನಿಂತರೆ ನಾಲ್ಕಾರು ತಿಂಗಳು ಚೆಂಡು ಕೈಗೆ ಬರುವುದಿಲ್ಲ.

ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿದ್ದೇನೆ. ವ್ಯಾಸಂಗ ಪತ್ರ ಕೊಡುತ್ತಾರೆ. ತೋಟದವರು ವಾಸದ ಬಗ್ಗೆ ಒಂದು ಪತ್ರ ಬರೆದುಕೊಡಲು ಒಪ್ಪಿದ್ದಾರೆ, ಅದರಿಂದ ಆಧಾರ್ ವಿಳಾಸ ಬದಲಾಗುತ್ತದೋ ಇಲ್ಲವೋ ವಿಚಾರಿಸಬೇಕು. ಜನನದ ನೋಂದಣಿಗೆ ಅಪ್ಪ ಊರಿಗೆ ಹೋಗಬೇಕು. ರೈಲು ಚಾರ್ಜು, ಕೆಲಸ ತಪ್ಪಿದ ಕೂಲಿ ಎರಡನ್ನೂ ಹೊಂದಿಸಲು ಊರಿನ ಕ್ರಿಕೆಟ್ ಹುಡುಗರು ಟೂರ್ನಮೆಂಟಿನ ಎಂಟ್ರಿ ಫೀಸಿನಲ್ಲಿ ಒಂದು ಪಾಲು ತೆಗೆದಿಡುತ್ತೇವೆ ಎಂದಿದ್ದಾರೆ. ಆತ ಹೋಗಲು ಇನ್ನೂ ಒಪ್ಪಿಲ್ಲ. ಬರುವ ಭಾನುವಾರ ಗೌಡರನ್ನೂ ಕರೆದುಕೊಂಡು ಲೈನಿಗೆ ಹೋಗಿ ಇನ್ನೊಮ್ಮೆ ಮಾತಾಡಬೇಕು.